ಚಿಕ್ಕತಿಮ್ಮಪ್ಪ ಮಿಷನ್ನು ರಿಪೇರಿ ಮಾಡಿದ್ದು

ಹೊಸದುರ್ಗದಲ್ಲಿರುವ ಹಲವು ಸರ್ಕಾರಿ ಕಚೇರಿಗಳಲ್ಲಿ ಒಂದರ ರೆಕಾರ್ಡ್ ರೂಮಿಗೆ ಚಿಕ್ಕತಿಮ್ಮಪ್ಪ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ನಮ್ಮದನ್ನೇಕೆ ಬಿಟ್ಟಿರಿ ಎಂದು ಉಳಿದವರಿಗೆ ಬೇಸರವಾಗುತ್ತದೆ. ಆದಿವಾಲದ ಕಡೆಯಿಂದ ಬಂದ ಮನುಷ್ಯ, ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ಅಷ್ಟು ವರ್ಷದಲ್ಲಿ ಅವನ ಮೇಲೆ ಒಂದು ದೂರೂ ಬಂದಿರಲಿಲ್ಲ. ಯಾರಾದರೂ ಟೀ ಕೊಡಿಸಿದರೆ ಕುಡಿಯುತ್ತಿದ್ದ, ಕೊಡಿಸದಿದ್ದರೆ ತಾನೇ ಕೊಡಿಸುತ್ತಿದ್ದ. ಕಚೇರಿಯಲ್ಲಿ ಇಂಥವರನ್ನು ಒಳ್ಳೆಯವರು ಎನ್ನುತ್ತಾರೆ, ಮತ್ತು ಪ್ರಮೋಷನ್ ಪಟ್ಟಿ ಮಾಡುವಾಗ ಮರೆಯುತ್ತಾರೆ.

ಒಂದೇ ಒಂದು ದೌರ್ಬಲ್ಯವಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಚಿತ್ರದುರ್ಗದಲ್ಲಿ ಐಟಿಐ ಸೇರಿ ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಒಂದು ವರ್ಷ ಓದಿದ್ದ. ಎರಡನೇ ವರ್ಷಕ್ಕೆ ಅಪ್ಪನಿಗೆ ಕಾಯಿಲೆ ಬಂದು ಬಿಟ್ಟ. ಸರ್ಟಿಫಿಕೇಟು ಸಿಗಲಿಲ್ಲ, ಆದರೆ 'ಆರ್ಮೇಚರ್' ಎಂಬ ಮಾತನ್ನು ಜೊತೆಯಲ್ಲಿ ತಂದಿದ್ದ. ಕಚೇರಿಯಲ್ಲಿ ಫ್ಯಾನು ನಿಂತರೂ, ನೀರೆತ್ತುವ ಮೋಟಾರು ಕೆಟ್ಟರೂ ತೋಳು ಮಡಿಸಿ ಹೋಗಿ ನಿಂತು, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಆರ್ಮೇಚರ್" ಎನ್ನುತ್ತಿದ್ದ. ಕೆಲವು ಸಲ ಫ್ಯಾನು ತಿರುಗುತ್ತಲೂ ಇತ್ತು. ಕರೆಂಟು ಬಂದದ್ದರಿಂದ ತಿರುಗಿತು ಎಂದು ಯಾರೂ ಅವನ ಎದುರಿಗೆ ಹೇಳುತ್ತಿರಲಿಲ್ಲ.

ಆ ರೆಕಾರ್ಡ್ ರೂಮಿಗೆ ಒಂದು ವರ್ಷದಿಂದ ಮತ್ತೋಡಿನ ಮರುಳಸಿದ್ದಮ್ಮ ಎಂಬ ಹೆಂಗಸು ಬಂದು ಹೋಗುತ್ತಿದ್ದಳು. ಅರವತ್ತು ದಾಟಿದ ವಿಧವೆ, ಅಳಿಯನ ಜೊತೆ ಕುರಿ ಸಾಕಿಕೊಂಡಿದ್ದಳು. ಐವತ್ತೈದು ವರ್ಷದ ಹಿಂದೆ ಅವಳ ಮಾವ ಜುಂಜಣ್ಣನಿಗೆ ಸರ್ಕಾರ ಎರಡು ಎಕರೆ ಹತ್ತು ಗುಂಟೆ ಮಂಜೂರು ಮಾಡಿತ್ತು. ಈಗ ಆ ಜಮೀನನ್ನು ಅಳತೆ ಮಾಡಿಸಿ, ಪೋಡಿ ಮಾಡಿಸಿ, ಬೇರೆ ನಂಬರು ಮಾಡಿಸಿಕೊಳ್ಳಬೇಕಾದರೆ ಹಳೇ ಮಂಜೂರಾತಿ ಪುಸ್ತಕದ ಆ ಹಾಳೆಯ ನಕಲು ಬೇಕು. ಪಕ್ಕದ ಹೊಲದವನು ವರ್ಷಕ್ಕೆ ಎರಡೆರಡು ಅಡಿ ಬದು ಸರಿಸುತ್ತಾ ಬರುತ್ತಿದ್ದ. ಕಾಗದ ತೋರಿಸು, ನಿಲ್ಲಿಸುತ್ತೇನೆ ಎಂದು ಅವನೇ ಹೇಳಿದ್ದನಂತೆ.

ಪುಸ್ತಕವಿತ್ತು, ಹಾಳೆ ಇರಲಿಲ್ಲ. ನೂರ ಹನ್ನೆರಡನೇ ಪುಟದ ನಂತರ ನೂರ ಹದಿನೈದು. ಚಿಕ್ಕತಿಮ್ಮಪ್ಪ ಅವಳು ಬಂದಾಗಲೆಲ್ಲ ನಿಜವಾಗಿಯೂ ಹುಡುಕುತ್ತಿದ್ದ. ಗಂಟು ಬಿಚ್ಚಿ, ಧೂಳು ಕುಡಿದು, ಕೆಮ್ಮಿ, ಮತ್ತೆ ಗಂಟು ಕಟ್ಟುತ್ತಿದ್ದ. ಹನ್ನೊಂದನೇ ಸಲ ಅವಳು ಬಂದಾಗ ಇನ್ನು ಸುಮ್ಮನೆ ತಿರುಗಿಸುವುದು ಪಾಪವೆಂದು, "ಸದರಿ ದಾಖಲೆ ಲಭ್ಯವಿರುವುದಿಲ್ಲ" ಎಂದು ಹಿಂಬರಹ ಬರೆದು, ಸಹಿ ಹಾಕಿ, ಗುಂಡು ಮೊಹರು ಒತ್ತಿ ಕೊಟ್ಟ. ಅವಳು ಅದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಸರ್ಕಾರದಿಂದ ಕೊನೆಗೂ ಒಂದು ಕಾಗದ ಸಿಕ್ಕಿತೆಂದು ಕೈಮುಗಿದು ಹೋದಳು.

ಇದಾಗಿ ಎರಡು ತಿಂಗಳಿಗೆ ಮೇಲಿನಿಂದ ಆದೇಶ ಬಂತು. ಹಳೇ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಬೇಕು, ಏರಿಸುವ ಮೊದಲು ಧೂಳು ತೆಗೆಯಬೇಕು. ಧೂಳು ತೆಗೆಯಲು ಒಂದು ವ್ಯಾಕ್ಯೂಮ್ ಕ್ಲೀನರೂ ಬಂತು. ಕೆಂಪು ಬಣ್ಣ, ಬಕೆಟ್ಟಿನ ಗಾತ್ರ, ಸೊಂಡಿಲಿನಂಥ ಪೈಪು. ಸ್ಕ್ಯಾನಿಂಗಿಗೆ ಬಂದಿದ್ದ ಹುಡುಗಿಯರು ಬೇಡವೆಂದರೂ ಕೇಳದೆ ಚಿಕ್ಕತಿಮ್ಮಪ್ಪ ಅದನ್ನು ತಾನೇ ವಹಿಸಿಕೊಂಡ. ಎರಡು ದಿನ ರ್‍ಯಾಕಿನ ಸಂದು, ಗೋಡೆಯ ಮೂಲೆ, ಕಿಟಕಿಯ ಕೆಳಗೆ, ಎಲ್ಲ ಕಡೆ ಆ ಸೊಂಡಿಲು ತೂರಿಸಿದ. ಇಪ್ಪತ್ತಾರು ವರ್ಷದ ಧೂಳು ತನ್ನ ಕಣ್ಣೆದುರೇ ಮಾಯವಾಗುವುದನ್ನು ನೋಡಿ ಅವನಿಗೆ ಹೊಟ್ಟೆ ತುಂಬಿದಂತಾಯಿತು.

ಮೂರನೇ ದಿನ ಮಿಷನ್ನು ಕೂಗತೊಡಗಿತು. ಹಿಟ್ಟಿನ ಗಿರಣಿಗೆ ಕಲ್ಲು ಸಿಕ್ಕಂಥ ಸದ್ದು. ಜೊತೆಗೆ ರಬ್ಬರು, ಕೂದಲು, ಹಳೇ ಗೋಣಿಚೀಲ ಒಟ್ಟಿಗೆ ಸುಟ್ಟಂಥ ವಾಸನೆ. ಹುಡುಗಿಯರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಚಿಕ್ಕತಿಮ್ಮಪ್ಪ ತೋಳು ಮಡಿಸಿ, ಕಿವಿಗೊಟ್ಟು ಕೇಳಿ, ಕಾಯಿಲೆ ಯಾವುದೆಂದು ಹೇಳಿದ. ಯಾವುದೆಂದು ಓದುಗರಿಗೆ ಗೊತ್ತು.

ಕಚೇರಿಯ ಮುಖ್ಯಸ್ಥ ನಿರಂಜನ್, ಮೂವತ್ತು ದಾಟಿದವನು, ಪರೀಕ್ಷೆ ಬರೆದು ನೇರ ಬಂದವನು. ದಿನಾ ಸಂಜೆ ಐದಕ್ಕೆ ಎಷ್ಟು ಹಾಳೆ ಏರಿಸಿದಿರಿ ಎಂದು ಮೇಲಿನವರ ವಾಟ್ಸಾಪ್ ಗುಂಪಿಗೆ ಲೆಕ್ಕ ಕಳಿಸಬೇಕಿತ್ತು. ಮಿಷನ್ನು ಕೊಟ್ಟ ಕಂಪನಿಯ ಸರ್ವೀಸಿನವರು ದಾವಣಗೆರೆಯಲ್ಲಿದ್ದರು. ಬಿಲ್ಲು ತೋರಿಸಿ ಎಂದರು. ಬಿಲ್ಲು ಚಿತ್ರದುರ್ಗದಲ್ಲಿತ್ತು. ಚಿತ್ರದುರ್ಗದವರು ಮಿಷನ್ನು ಕೆಟ್ಟಿದೆ ಎಂದು ಸರ್ವೀಸಿನವರಿಂದ ಬರೆಸಿ ತನ್ನಿ, ಬಿಲ್ಲು ಕೊಡುತ್ತೇವೆ ಎಂದರು. ಹೀಗೆ ನಾಲ್ಕು ದಿನ ಹೋಯಿತು. ಶನಿವಾರ ಮಧ್ಯಾಹ್ನ ಚಿಕ್ಕತಿಮ್ಮಪ್ಪ ನಿರಂಜನನ ಕೋಣೆಗೆ ಹೋಗಿ, ಮಿಷನ್ನನ್ನು ಮನೆಗೆ ಒಯ್ದು ಭಾನುವಾರ ತಾನೇ ಬಿಚ್ಚಿ ನೋಡಲೇ ಎಂದು ಕೇಳಿದ. ನಿರಂಜನ್ ಫೋನಿನಲ್ಲಿದ್ದ. ಅವನು ತಲೆಯಾಡಿಸಿದ. ಆ ತಲೆ ಆಡಿದ್ದು ಚಿಕ್ಕತಿಮ್ಮಪ್ಪನಿಗೋ ಫೋನಿನಲ್ಲಿದ್ದವರಿಗೋ ಎಂಬ ವಿಷಯ ಮುಂದೆ ವಿಚಾರಣಾ ಕಡತದಲ್ಲಿ ನಾಲ್ಕು ಪುಟ ಹಿಡಿಯಿತು.

ಮಿಷನ್ನಿಗೆ ಪೆಟ್ಟಿಗೆ ಇರಲಿಲ್ಲ. ರಸ್ತೆಯ ಧೂಳು ಕುಳಿತೀತೆಂದು ಚಿಕ್ಕತಿಮ್ಮಪ್ಪ ಕಡತ ಕಟ್ಟುವ ಕೆಂಪು ಬಟ್ಟೆ ಸುತ್ತಿ, ಗಂಟು ಹಾಕಿ, ಮೊಪೆಡ್ಡಿನ ಮೇಲೆ ಕಾಲ ನಡುವೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಮುಂದೆಯೇ ಹೋದ. ಕೆಂಪು ಬಟ್ಟೆಯ ಗಂಟು ಅಂದರೇನು ಎಂದು ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಅದು ಕಚೇರಿಯ ಒಳಗಿರುವ ವಸ್ತು. ಹೊರಗೆ ಹೋಗುತ್ತಿದ್ದರೆ ಯಾರದ್ದೋ ಜಮೀನು ಹೋಗುತ್ತಿದೆ ಎಂದೇ ಅರ್ಥ. ಹೋಟೆಲಿನ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ಅವನು ಪರಿಚಯದವರೆಂದು ನಕ್ಕ. ಆ ನಗುವೂ ಮುಂದೆ ಅವನಿಗೆ ಅನುಕೂಲವಾಗಲಿಲ್ಲ.

ಪಕ್ಕದ ಮನೆಯ ರಂಗಯ್ಯ ಗೇಟಿನಲ್ಲೇ ಇದ್ದ. ರಂಗಯ್ಯ ನಿವೃತ್ತ ಪೋಸ್ಟ್‌ಮ್ಯಾನ್. ಮೂವತ್ತು ವರ್ಷ ಊರಿನ ಸುದ್ದಿಯನ್ನು ಲಕೋಟೆಯೊಳಗೆ ಹಂಚಿದವನು, ಈಗ ಲಕೋಟೆ ಇಲ್ಲದೆ ಹಂಚುತ್ತಿದ್ದ. ಗಂಟು ಏನೆಂದು ಕೇಳಿದ. ಧೂಳು ಎಳೆಯುವ ಮಿಷನ್ನು ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಿಷನ್ನು ಎಂದರೆ ರಿಪೇರಿಗೆ ತಂದದ್ದು ಗೊತ್ತಾಗುತ್ತದೆ, ರಿಪೇರಿ ಆಗದಿದ್ದರೆ ಅದೂ ಗೊತ್ತಾಗುತ್ತದೆ. ಹೋದ ವರ್ಷ ರಂಗಯ್ಯನ ಮನೆಯ ಮಿಕ್ಸಿಯನ್ನು ಚಿಕ್ಕತಿಮ್ಮಪ್ಪ ನೋಡಿದ್ದ, ಆಮೇಲೆ ಆ ಮಿಕ್ಸಿಯನ್ನು ಯಾರೂ ನೋಡಿರಲಿಲ್ಲ. ಆದ್ದರಿಂದ ಅವನು ಮುಖ ಗಂಭೀರ ಮಾಡಿ, "ಆಫೀಸಿಂದು ರಂಗಯ್ಯ, ಹೊರಗೆ ಹೇಳಂಗಿಲ್ಲ" ಎಂದ.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ನೀರೊಲೆಯ ಪಕ್ಕ ಗೋಣಿಚೀಲ ಹಾಸಿ ಕುಳಿತ. ಹೆಂಡತಿ ಏಕಾಂತಮ್ಮ ಒಲೆಗೆ ತೆಂಗಿನ ಮಟ್ಟೆ ತುಂಬಿ, ಇದನ್ನು ಅಂಗಡಿಗೆ ಕೊಡಬಾರದಾ ಎಂದು ಒಂದೇ ಸಲ ಕೇಳಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಎರಡನೇ ಸಲ ಕೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ತಿಳಿದಿತ್ತು. ಚಿಕ್ಕತಿಮ್ಮಪ್ಪ ಹನ್ನೆರಡು ಸ್ಕ್ರೂ ಬಿಚ್ಚಿದ, ಒಳಗೆ ನೋಡಿದ, ಊದಿದ, ಒಂದೆರಡು ಕಡೆ ಕೊಬ್ಬರಿ ಎಣ್ಣೆ ಬಿಟ್ಟ, ಒಂಬತ್ತು ಸ್ಕ್ರೂ ಹಾಕಿದ. ಮೂರು ಉಳಿದವು. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಎಂದು ಹೆಂಡತಿಗೆ ವಿವರಿಸಿ ಸ್ವಿಚ್ಚು ಒತ್ತಿದ.

ಮೊದಲು ಗಿರಣಿಯಾಗಿದ್ದದ್ದು ಈಗ ಜಲ್ಲಿ ಕ್ರಷರ್ ಆಗಿತ್ತು. ಮಿಷನ್ನಿನ ಹಿಂದಿನಿಂದ ಎಣ್ಣೆ ಸುಟ್ಟ ಬೂದು ಹೊಗೆ ಎದ್ದು, ಒಲೆಯ ಹೊಗೆಯ ಜೊತೆ ಸೇರಿ ಕಾಂಪೌಂಡಿನ ಆಚೆ ಹೋಯಿತು. ಕಾಂಪೌಂಡಿನ ಮೇಲೆ ಮೊದಲು ರಂಗಯ್ಯನ ಮೊಬೈಲು, ಆಮೇಲೆ ರಂಗಯ್ಯನ ತಲೆ ಕಾಣಿಸಿತು.

"ಏನಪ್ಪ ಸುಡ್ತಾ ಇರೋದು?"

ಚಿಕ್ಕತಿಮ್ಮಪ್ಪ ಸ್ವಿಚ್ಚು ಆರಿಸಿದ. ಮಿಷನ್ನು ಕಾಣದಂತೆ ಅಡ್ಡ ನಿಂತು, ಒಳಗಿದ್ದ ಧೂಳನ್ನು ಮನಸ್ಸಿನಲ್ಲಿಟ್ಟುಕೊಂಡು, "ಹಳೇದು ಕಣಪ್ಪ. ಸ್ವಲ್ಪ ಸುಟ್ಟ ವಾಸ್ನೆ ಬಂದೇ ಬರ್ತೈತೆ" ಎಂದ.

"ಎಷ್ಟು ಹಳೇದು?"

"ಅರವತ್ತೆಂಟನೇ ಇಸವೀದೂ ಐತೆ ಇದ್ರಾಗೆ."

"ಎಲ್ಲಾ ಹೋಗ್ಬೇಕಾ?"

"ಎಲ್ಲಾ ಹೋದ್ರೇನೆ ನಂಗೆ ನೆಮ್ಮದಿ."

ರಂಗಯ್ಯನ ತಲೆ ನಿಧಾನವಾಗಿ ಕೆಳಗೆ ಇಳಿಯಿತು. ಮೊಬೈಲು ಇನ್ನೂ ಸ್ವಲ್ಪ ಹೊತ್ತು ಮೇಲೇ ಇತ್ತು.

ಹತ್ತೂವರೆಗೆ ಚಿಕ್ಕತಿಮ್ಮಪ್ಪ ಸೋಲೊಪ್ಪಿ, ಮತ್ತದೇ ಕೆಂಪು ಬಟ್ಟೆ ಸುತ್ತಿ, ಪೇಟೆ ಬೀದಿಯ ದುರ್ಗೇಶನ ಅಂಗಡಿಗೆ ಹೋದ. ದುರ್ಗೇಶ ಮಿಕ್ಸಿ, ಗ್ರೈಂಡರ್, ಮೋಟಾರು ರಿಪೇರಿ ಮಾಡುವವನು. ಭಾನುವಾರ ಷಟರು ಅರ್ಧ ಎಳೆದು ಕುಳಿತಿರುತ್ತಿದ್ದ. ಆರ್ಮೇಚರ್ ಹೋಗಿದೆ ಎಂದು ಚಿಕ್ಕತಿಮ್ಮಪ್ಪ ಬಾಗಿಲಲ್ಲೇ ಹೇಳಿದ. ದುರ್ಗೇಶ ಮುಚ್ಚಳ ತೆಗೆದು ನೋಡಿದ. ಧೂಳಿನ ಚೀಲ ಹರಿದಿತ್ತು. ಹರಿದ ಜಾಗದಿಂದ ಕಡತ ಕಟ್ಟುವ ದಾರವೊಂದು ಒಳಗೆ ಹೋಗಿ, ಅದರ ತುದಿಯ ತಗಡು ಫ್ಯಾನಿನ ರೆಕ್ಕೆಗೆ ಬಡಿಯುತ್ತಿತ್ತು. ಸದ್ದು ಅದರದ್ದು. ಪೈಪು ಕಟ್ಟಿಕೊಂಡಿತ್ತು, ಗಾಳಿ ಆಡದೆ ಮೋಟಾರು ಕಾದು ವಾಸನೆ ಬರುತ್ತಿತ್ತು. ಆರ್ಮೇಚರ್ ಒಂದೇ ಅದರಲ್ಲಿ ಸರಿಯಾಗಿರುವುದು ಎಂದು ದುರ್ಗೇಶ ಹೇಳಿದ. ಆಮೇಲೆ ಉದ್ದನೆಯ ತಂತಿ ತಂದು ಪೈಪಿನೊಳಗೆ ತೂರಿಸಿ ಎಳೆದ.

ಮೊದಲು ಜೇಡರ ಬಲೆ ಬಂತು. ನುಸಿಗುಳಿಗೆ ಎರಡು, ಹಲ್ಲಿಯ ಮೊಟ್ಟೆಯ ಸಿಪ್ಪೆ, ಮತ್ತಷ್ಟು ಬಲೆ. ಕೊನೆಗೆ ಸುರುಳಿ ಸುತ್ತಿಕೊಂಡ ಒಂದು ದಪ್ಪ ಹಾಳೆ. ದುರ್ಗೇಶ ಅದನ್ನು ಕಸದ ಡಬ್ಬಿಗೆ ಎಸೆಯಲು ಕೈ ಎತ್ತಿದಾಗ, ಇಪ್ಪತ್ತಾರು ವರ್ಷದ ಅಭ್ಯಾಸದಿಂದ ಚಿಕ್ಕತಿಮ್ಮಪ್ಪ ಅವನ ಮಣಿಕಟ್ಟು ಹಿಡಿದ. ಸರ್ಕಾರದ ಕಾಗದವನ್ನು ಅವನು ಕತ್ತಲಲ್ಲೂ ಮುಟ್ಟಿ ಗುರುತಿಸಬಲ್ಲ.

ಬೆಂಚಿನ ಮೇಲಿಟ್ಟು ಅಂಗೈಯಿಂದ ಸವರಿ ಬಿಡಿಸಿದ. ಒಂದು ಮೂಲೆ ಹರಿದಿದ್ದು ಬಿಟ್ಟರೆ ಅಕ್ಷರಕ್ಕೆ ಏನೂ ಆಗಿರಲಿಲ್ಲ. ಮೇಲೆ ನೂರ ಹದಿಮೂರು. ಹೋಬಳಿ ಮತ್ತೋಡು. ಎರಡು ಎಕರೆ ಹತ್ತು ಗುಂಟೆ. ಜುಂಜಣ್ಣ ಬಿನ್ ಗೊಲ್ಲಪ್ಪ, ಎಡಗೈ ಹೆಬ್ಬೆಟ್ಟಿನ ಗುರುತು. ರ್‍ಯಾಕಿಗೂ ಗೋಡೆಗೂ ನಡುವೆ ಕೈ ಹೋಗದ ಸಂದಿಯಲ್ಲಿ ಎಷ್ಟು ವರ್ಷದಿಂದ ಬಿದ್ದಿತ್ತೋ. ಹನ್ನೊಂದು ಸಲ ಹುಡುಕಿ ಅವನಿಗೆ ಸಿಗದ್ದನ್ನು ಮಿಷನ್ನು ಎರಡು ದಿನದಲ್ಲಿ ಹುಡುಕಿ, ನುಂಗಲಾರದೆ ಮೂರನೇ ದಿನದಿಂದ ಕೂಗುತ್ತಿತ್ತು. ಚಿಕ್ಕತಿಮ್ಮಪ್ಪ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಕಣ್ಣಲ್ಲಿ ನೀರು ಬಂತು, ಧೂಳೆಂದು ಒರೆಸಿಕೊಂಡ.

ಮನೆಗೆ ಬಂದು ಹೇಳಿದಾಗ ಏಕಾಂತಮ್ಮ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದಳು. "ನಾಳೆ ಹೋಗಿ ಅದನ್ನ ಗಂಟಿನಾಗೆ ಇಟ್ಬಿಡ್ರಿ. ಆಮ್ಯಾಲೆ ಸಿಕ್ತು ಅನ್ರಿ. ಎಲ್ಲಿ ಸಿಕ್ತು ಅಂತ ಯಾರೂ ಕೇಳಲ್ಲ."

ಇದಕ್ಕಿಂತ ಒಳ್ಳೆಯ ಸಲಹೆಯನ್ನು ಆ ವರ್ಷ ಆ ತಾಲ್ಲೂಕಿನಲ್ಲಿ ಯಾರೂ ಯಾರಿಗೂ ಕೊಟ್ಟಿರಲಾರರು. ಚಿಕ್ಕತಿಮ್ಮಪ್ಪ ತಲೆದೂಗಿದ. ಆದರೆ ಒಂದು ತಾಸಿನೊಳಗೆ ಮನಸ್ಸು ತಡೆಯದೆ ಮರುಳಸಿದ್ದಮ್ಮನ ಅಳಿಯನ ನಂಬರಿಗೆ ಫೋನು ಮಾಡಿದ. ನಿಮ್ಮ ಅತ್ತೆಯ ಹಾಳೆ ಸಿಕ್ಕಿದೆ, ಗೋಡೆಯ ಸಂದಿಯಲ್ಲಿ ಬಿದ್ದದ್ದು ಮಿಷನ್ನಿನ ಪೈಪಿನೊಳಗೆ ಸೇರಿತ್ತು, ನಾನೇ ಬಿಚ್ಚಿ ತೆಗೆಸಿದೆ, ನಾಳೆ ಕರೆದುಕೊಂಡು ಬನ್ನಿ ಎಂದ. ಜೀವನದಲ್ಲಿ ಒಮ್ಮೆಯಾದರೂ, ಏನನ್ನಾದರೂ ಬಿಚ್ಚಿ, ಅದರಿಂದ ಒಬ್ಬರಿಗೆ ಉಪಕಾರವಾಗಿತ್ತು. ಅದನ್ನು ಗಂಟಿನಲ್ಲಿ ಬಚ್ಚಿಟ್ಟು ಆಕಸ್ಮಿಕವಾಗಿ ಸಿಕ್ಕಿತೆನ್ನಲು ಅವನಿಗೆ ಮನಸ್ಸಾಗಲಿಲ್ಲ.

ಸೋಮವಾರ ಹತ್ತಕ್ಕೆ ಅವನು ಒಂದು ಕೈಯಲ್ಲಿ ಮಿಷನ್ನು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಾಳೆ ಹಿಡಿದು ನಿರಂಜನನ ಕೋಣೆಗೆ ಹೋದ. ಅಷ್ಟರಲ್ಲಿ ರಂಗಯ್ಯನ ಮೊಬೈಲಿನ ಹೊಗೆ ಊರಿನ ಮೂರು ವಾಟ್ಸಾಪ್ ಗುಂಪು ದಾಟಿ, ಚಿತ್ರದುರ್ಗ ಮುಟ್ಟಿ, ಅಲ್ಲಿಂದ ಫೋನಾಗಿ ನಿರಂಜನನಿಗೆ ವಾಪಸ್ಸು ಬಂದಿತ್ತು. ಫೋಟೋದ ಕೆಳಗೆ 'ಜಮೀನು ದಾಖಲೆಗಳನ್ನು ಮನೆಗೆ ಒಯ್ದು ಸುಟ್ಟ ಗುಮಾಸ್ತ, ಅರವತ್ತೆಂಟರಿಂದ ಎಲ್ಲ ಬೂದಿ' ಎಂದಿತ್ತು. ರಂಗಯ್ಯ ಬರೆದದ್ದು 'ಏನೋ ಸುಡುತ್ತಿದ್ದಾರೆ, ಅರವತ್ತೆಂಟನೇ ಇಸವಿಯದಂತೆ' ಎಂದಷ್ಟೇ. ಉಳಿದದ್ದನ್ನು ದಾರಿಯಲ್ಲಿ ಸಿಕ್ಕವರು ಸೇರಿಸಿದ್ದರು.

ಚಿಕ್ಕತಿಮ್ಮಪ್ಪನಿಗೆ ಇದಾವುದೂ ಗೊತ್ತಿಲ್ಲ. ಅವನು ಮೊದಲು ಮಿಷನ್ನಿನ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದ. ಅದು ಬೆಕ್ಕಿನ ಹಾಗೆ ಮೆಲ್ಲಗೆ ಗುರುಗುಟ್ಟಿತು. ವಾಸನೆ ಇರಲಿಲ್ಲ. ಯಾರಾದರೂ ಶಹಬ್ಬಾಸ್ ಎನ್ನುತ್ತಾರೆಂದು ಸುತ್ತ ನೋಡಿದ. ಕೋಣೆಯಲ್ಲಿದ್ದ ಐದು ಜನರೂ ಅವನ ಮುಖವನ್ನೇ ನೋಡುತ್ತಿದ್ದರು.

ನಿರಂಜನ್ ಅದನ್ನು ಆರಿಸಲು ಹೇಳಿ, ಮನೆಗೆ ಒಯ್ಯಲು ಯಾರು ಅನುಮತಿ ಕೊಟ್ಟರು ಎಂದು ಕೇಳಿದ.

"ನೀವೇ ತಲೆ ಆಡಿಸಿದ್ರಲ್ಲ ಸಾರ್."

"ನಾನು ಫೋನಲ್ಲಿ ಮಾತಾಡ್ತಿದ್ದೆ ಕಣ್ರೀ. ಫೋನಲ್ಲಿ ಮಾತಾಡೋನು ತಲೆ ಆಡಿಸ್ದೆ ಏನ್ ಮಾಡ್ತಾನೆ?"

ಚಿಕ್ಕತಿಮ್ಮಪ್ಪ ಹಾಳೆಯನ್ನು ಮುಂದಿಟ್ಟ. ಅದನ್ನು ನೋಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅವನ ನಂಬಿಕೆ. ನಿರಂಜನ್ ಪುಟದ ಸಂಖ್ಯೆ ನೋಡಿದ, ಪುಸ್ತಕ ತರಿಸಿದ, ಅದರಲ್ಲಿ ಅದೇ ಪುಟ ಇಲ್ಲದ್ದನ್ನು ನೋಡಿದ, ಎರಡು ತಿಂಗಳ ಹಿಂದಿನ ಹಿಂಬರಹದ ಪ್ರತಿ ತರಿಸಿ ಅದನ್ನೂ ನೋಡಿದ. ಮನುಷ್ಯ ಕೆಟ್ಟವನಲ್ಲ. ಆದರೆ ಹನ್ನೊಂದು ಗಂಟೆಗೆ ಮೇಲಿನವರಿಗೆ ವರದಿ ಕಳಿಸಬೇಕಿತ್ತು, ವರದಿಯಲ್ಲಿ ಒಬ್ಬರ ಹೆಸರು ಬೇಕಿತ್ತು. ಒಂದು ಹೆಸರು ತಾನಾಗಿಯೇ ಎದುರಿಗೆ ಬಂದು ನಿಂತಿತ್ತು.

ಹನ್ನೆರಡಕ್ಕೆ ಮೂರು ಜನ ಅಧಿಕಾರಿಗಳು ಚಿಕ್ಕತಿಮ್ಮಪ್ಪನ ಮನೆಯ ಹಿತ್ತಲಿಗೆ ಮಹಜರಿಗೆ ಹೋದರು. ನೀರೊಲೆಯ ಬೂದಿಯನ್ನು ಏಕಾಂತಮ್ಮನ ಸೌಟಿನಿಂದಲೇ ತೋಡಿ ನಾಲ್ಕು ಪೊಟ್ಟಣ ಕಟ್ಟಿದರು. ಅದು ತೆಂಗಿನ ಮಟ್ಟೆಯ ಬೂದಿ, ಪಾತ್ರೆ ತಿಕ್ಕಲು ಇಟ್ಟುಕೊಂಡದ್ದು ಎಂದು ಅವಳು ಹೇಳಿದಳು. ಅದನ್ನೂ ಬರೆದುಕೊಂಡರು, ಸಾಕ್ಷ್ಯವನ್ನು ಪಾತ್ರೆ ತಿಕ್ಕಿ ನಾಶಪಡಿಸುವ ಸಾಧ್ಯತೆ ಇತ್ತು ಎಂದು. ಪಂಚನಾಮೆಗೆ ಅಕ್ಕಪಕ್ಕದವರು ಬೇಕಾದಾಗ ರಂಗಯ್ಯ ತಾನಾಗಿ ಬಂದ. ಮೂವತ್ತು ವರ್ಷ ಬೇರೆಯವರ ಸಹಿ ಪಡೆದವನು ಮೊದಲ ಸಲ ತಾನು ಸಹಿ ಹಾಕಿದ. ಸೌಟನ್ನೂ ಮೊಹರು ಮಾಡಿ ಒಯ್ಯುವಾಗ ಏಕಾಂತಮ್ಮ ರಂಗಯ್ಯನ ಮುಖ ನೋಡಿದಳು. ಅವನು, ಸುಟ್ಟ ವಾಸನೆ ಬಂತು ಅಂದೆ ಅಷ್ಟೇ ತಂಗಿ, ಬಂದದ್ದು ಸುಳ್ಳಾ ಎಂದು ಕೇಳಿದ. ಸುಳ್ಳಲ್ಲವಾದ್ದರಿಂದ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವರು ವಾಪಸ್ಸು ಕಚೇರಿಗೆ ಬರುವ ಹೊತ್ತಿಗೆ ಮರುಳಸಿದ್ದಮ್ಮ ಬಂದಿದ್ದಳು. ಅಂಗಳ ದಾಟಿ, ಸಂತೆಯಂತೆ ಜನ ತುಂಬಿದ್ದ ನಿರಂಜನನ ಕೋಣೆಗೆ ನೇರವಾಗಿ ನುಗ್ಗಿ, ಚಿಕ್ಕತಿಮ್ಮಪ್ಪನನ್ನು ಹುಡುಕಿ, ಕಂಕುಳಲ್ಲಿದ್ದ ಹೊಸ ಕರಿ ಕಂಬಳಿಯನ್ನು ಅವನ ಹೆಗಲಿಗೆ ಹಾಕಿದಳು. ತನ್ನ ಕುರಿಯ ಉಣ್ಣೆ, ತಾನೇ ನೂತದ್ದು. ಹಾಳೆ ಹುಡುಕಿಕೊಟ್ಟ ಪುಣ್ಯಾತ್ಮನಿಗೆ ಬರಿಗೈಲಿ ಬರಬಾರದೆಂದು ತಂದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಮಹಜರು ಬರೆಯುತ್ತಿದ್ದವನು ಪೆನ್ನಿನ ಮುಚ್ಚಳ ಮತ್ತೆ ತೆಗೆದ. 'ಕಪ್ಪು ಕಂಬಳಿ, ಒಂದು' ಎಂದು ಆರನೇ ಬಾಬಿನಲ್ಲಿ ಬರೆದು, ಮುಂದೆ 'ಆಮಿಷ' ಎಂದು ಸೇರಿಸಿದ. ಚಿಕ್ಕತಿಮ್ಮಪ್ಪನ ಹೆಗಲಿನಿಂದ ಕಂಬಳಿ ತೆಗೆದು ಮಡಿಸಿ, ಅರಗು ಹಾಕಿದರು.

ಆಮೇಲೆ ಅವಳು ನಕಲು ಕೇಳಿದಳು. ಹಾಳೆ ಮೇಜಿನ ಮೇಲೇ ಇತ್ತು. ಅವಳಿಗೂ ಅದಕ್ಕೂ ನಡುವೆ ಒಂದು ಮೊಳ ದೂರ. ಪಕ್ಕದ ಕೋಣೆಯಲ್ಲಿ ಜೆರಾಕ್ಸ್ ಮಿಷನ್ನೂ ಕೆಟ್ಟಿರಲಿಲ್ಲ. ನಿರಂಜನ್ ನಿಜವಾಗಿಯೂ ಬೇಸರದಿಂದಲೇ ಹೇಳಿದ, ಇದು ಈಗ ದಾಖಲೆ ಅಲ್ಲಮ್ಮ, ಸಾಕ್ಷ್ಯ, ವಿಚಾರಣೆ ಮುಗಿಯುವವರೆಗೆ ಯಾರಿಗೂ ಕೊಡಲು ಬರುವುದಿಲ್ಲ ಎಂದು. ಹಾಳೆ ಲಕೋಟೆಯೊಳಗೆ ಹೋಯಿತು, ಲಕೋಟೆಗೆ ಅರಗು ಬಿತ್ತು, ಅದೇ ಸಂಜೆಯ ಜೀಪಿನಲ್ಲಿ ಬೂದಿ, ಸೌಟು, ಕಂಬಳಿ, ಮಿಷನ್ನಿನ ಜೊತೆ ಚಿತ್ರದುರ್ಗಕ್ಕೆ ಹೋಯಿತು. ಅವಳಿಗೆ ಇನ್ನೊಂದು ಹಿಂಬರಹ ಕೊಟ್ಟರು. ಸದರಿ ದಾಖಲೆ ಲಭ್ಯವಿದ್ದು, ನೀಡಲು ಅವಕಾಶವಿರುವುದಿಲ್ಲ.

ಚಿಕ್ಕತಿಮ್ಮಪ್ಪ ಅಮಾನತಾದ. ಅಮಾನತಿನ ಕಾಲದಲ್ಲಿ ಪಕ್ಕದ ತಾಲ್ಲೂಕಿನ ಹೊಳಲ್ಕೆರೆಯ ಕಚೇರಿಯಲ್ಲಿ ಹಾಜರಿ ಹಾಕಬೇಕು, ಆ ಊರು ಬಿಟ್ಟು ಹೋಗುವಂತಿಲ್ಲ ಎಂದು ಆದೇಶ. ಅಲ್ಲಿ ಒಂದು ಕೋಣೆ ಹಿಡಿದು, ಬೆಳಿಗ್ಗೆ ಕಚೇರಿಗೆ ಹೋಗಿ ಸಹಿ ಹಾಕಿ, ಸಂಜೆಯವರೆಗೆ ಯಾರದ್ದೋ ಬೆಂಚಿನ ಮೇಲೆ ಕುಳಿತಿರುತ್ತಿದ್ದ. ಮೊದಲ ವಾರ ಅಲ್ಲಿಯ ಫ್ಯಾನೊಂದು ಕೀಚುಗುಟ್ಟುತ್ತಿತ್ತು. ನೋಡುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ, ನನಗೆ ಅದೆಲ್ಲ ಗೊತ್ತಿಲ್ಲ ಎಂದ. ಹೊಸದುರ್ಗದ ಕಚೇರಿಯಲ್ಲಿ ಹುಡುಗಿಯರು ಹಳೇ ಟವಲಿನಿಂದ ಧೂಳು ಒರೆಸಿ, ಗಡುವಿನೊಳಗೆ ಎಲ್ಲ ಪುಸ್ತಕ ಸ್ಕ್ಯಾನ್ ಮಾಡಿ ಮುಗಿಸಿದರು. ಮತ್ತೋಡಿನ ಪುಸ್ತಕ ಕಂಪ್ಯೂಟರಿನಲ್ಲಿ ನೂರ ಹನ್ನೆರಡರಿಂದ ನೂರ ಹದಿನೈದಕ್ಕೆ ಹಾರಿತು. ನಿರಂಜನನಿಗೆ ಮೆಚ್ಚುಗೆಯ ಪತ್ರ ಬಂತು.

ಏಳು ತಿಂಗಳ ಮೇಲೆ ಚಿತ್ರದುರ್ಗದಲ್ಲಿ ವಿಚಾರಣೆ. ವಿಚಾರಣಾಧಿಕಾರಿ ತಿಪ್ಪೇರುದ್ರಪ್ಪ ಅವಸರವಿಲ್ಲದ, ನ್ಯಾಯವಂತ ಮನುಷ್ಯ. ಬೂದಿಯ ಪರೀಕ್ಷೆಯ ವರದಿ ಬಂದಿತ್ತು, ಅದು ತೆಂಗಿನ ಮಟ್ಟೆ. ಹಾಳೆಯ ವರದಿಯೂ ಬಂದಿತ್ತು, ಅಸಲಿ ಹಾಳೆ, ಎಲ್ಲೂ ಸುಟ್ಟಿಲ್ಲ. ತಲೆಯಾಡಿಸಿದ ವಿಷಯದಲ್ಲಿ ಎರಡೂ ಕಡೆಯ ಹೇಳಿಕೆ ಪಡೆದು, ಸಂಶಯದ ಲಾಭ ನೀಡಿದರು. ಕಂಬಳಿಯನ್ನು ನೋಡಿ, ಇದು ಪ್ರೀತಿಗೆ ಕೊಟ್ಟದ್ದೆಂದು ಕಾಣುತ್ತದೆ ಎಂದು ಅವರೇ ಬರೆಸಿದರು. ಚಿಕ್ಕತಿಮ್ಮಪ್ಪ ಏಳು ತಿಂಗಳಲ್ಲಿ ಮೊದಲ ಸಲ ಬೆನ್ನು ನೇರ ಮಾಡಿ ಕುಳಿತ. ಮಧ್ಯಾಹ್ನ ಊಟ ಮುಗಿಸಿ ಬಂದ ಮೇಲೆ ಕೊನೆಯ ಸಾಕ್ಷಿಯಾಗಿ ಮರುಳಸಿದ್ದಮ್ಮನನ್ನು ಕರೆದರು.

ಅವಳು ಅವನನ್ನು ಉಳಿಸಲೆಂದೇ ಬಂದಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ್ದಳಂತೆ. ಹಾಳೆ ಇಲ್ಲವೆಂದು ಮೊದಲು ಬರೆದುಕೊಟ್ಟವರು ಯಾರು ಎಂದು ತಿಪ್ಪೇರುದ್ರಪ್ಪ ಕೇಳಿದರು.

"ಇವ್ರೇ ಸ್ವಾಮಿ. ಭಾಳ ಒಳ್ಳೇರು. ಹನ್ನೊಂದು ಸಲ ಹೋದ್ರೂ ಒಂದಿನಾನೂ ಸಿಟ್ಟು ಮಾಡ್ಕಳ್ಲಿಲ್ಲ. ಹನ್ನೊಂದು ಸಲಾನೂ ನಗ್‌ನಗ್ತಾನೆ ಇಲ್ಲ ಅಂದ್ರು."

"ಆವಾಗ ಹಾಳೆ ಆ ಕೋಣೇಲೇ ಇತ್ತಾ?"

"ಅಲ್ಲೇ ಇತ್ತಲ್ಲ ಸ್ವಾಮಿ. ಗ್ವಾಡೆ ಸಂದ್ಯಾಗೆ. ಇವ್ರೇ ಹೇಳಿದ್ರು."

ತಿಪ್ಪೇರುದ್ರಪ್ಪ ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಿಧಾನವಾಗಿ, ಒಂದು ಅಕ್ಷರ ಬಿಡದಂತೆ ಬರೆಸಿದರು. ಅವಳು ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಮುಂದೆ ಬಂದ ಆದೇಶದಲ್ಲಿ ಸುಟ್ಟ ಆರೋಪ ಬಿಟ್ಟುಹೋಗಿತ್ತು, ಕದ್ದ ಆರೋಪ ಬಿಟ್ಟುಹೋಗಿತ್ತು, ಆಮಿಷವೂ ಬಿಟ್ಟುಹೋಗಿತ್ತು. ದಾಖಲೆ ಕೊಠಡಿಯಲ್ಲಿ ಲಭ್ಯವಿದ್ದ ದಾಖಲೆಯನ್ನು ಲಭ್ಯವಿಲ್ಲವೆಂದು ಸಹಿ ಮಾಡಿ ಕೊಟ್ಟದ್ದು ಮಾತ್ರ ರುಜುವಾತಾಗಿತ್ತು. ಹಾಳೆ ಸಿಗದೇ ಹೋಗಿದ್ದರೆ ಆ ಹಿಂಬರಹ ಸತ್ಯವಾಗಿಯೇ ಉಳಿಯುತ್ತಿತ್ತು. ಎರಡು ವೇತನ ಬಡ್ತಿ ತಡೆದು, ಪಿಂಚಣಿಗೂ ಅದು ತಾಗುವಂತೆ ಮಾಡಿ, ಹಿರಿಯೂರಿನ ಕಚೇರಿಗೆ ವರ್ಗ ಮಾಡಿದರು. ಚಿಕ್ಕತಿಮ್ಮಪ್ಪ ಮೇಲ್ಮನವಿ ಹಾಕಿದ. ಮೇಲ್ಮನವಿ ಹಾಕಿದ್ದರಿಂದ ಪ್ರಕರಣ ಮುಗಿಯಲಿಲ್ಲ. ಪ್ರಕರಣ ಮುಗಿಯದ್ದರಿಂದ ಹಾಳೆ ಲಕೋಟೆಯಲ್ಲೇ ಉಳಿಯಿತು. ವಾಪಸ್ಸು ತೆಗೆದುಕೊಳ್ಳೋಣವೆಂದು ಹೋದರೆ, ಒಮ್ಮೆ ನಂಬರಾದ ಮೇಲ್ಮನವಿಯನ್ನು ತೆಗೆಯಲು ಬೇರೆ ಅರ್ಜಿ ಹಾಕಬೇಕು, ಅದು ತನ್ನ ಸರದಿಗೆ ಬರಬೇಕು ಎಂದರು.

ಅದೆಲ್ಲ ಆಮೇಲೆ. ವಿಚಾರಣೆಯ ದಿನ ಸಂಜೆ ನಾಲ್ಕಕ್ಕೆ ಇಬ್ಬರೂ ಒಟ್ಟಿಗೆ ಬಸ್ ಸ್ಟ್ಯಾಂಡಿಗೆ ನಡೆದು ಬಂದು ಹೊಸದುರ್ಗದ ಬಸ್ಸು ಹತ್ತಿದರು. ಹೊಳಲ್ಕೆರೆಯವರೆಗೆ ಅವನದೂ ಅದೇ ದಾರಿ. ಚೆನ್ನಾಗಿ ಹೇಳಿದೆನಾ ಎಂದು ಅವಳು ಕೇಳಿದಳು. ಚೆನ್ನಾಗಿಯೇ ಹೇಳಿದಿರಿ ಎಂದ. ಬದು ಎಲ್ಲಿಗೆ ಬಂದಿದೆ ಎಂದು ಅವನು ಕೇಳಿದ. ಬದು ಹೋಗಿ ಈಗ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದಾನೆ, ಕುರಿ ಆ ಕಡೆ ಹೋದರೆ ಕಾಲು ಮುರಿಯುತ್ತೇನೆ ಅಂದಿದ್ದಾನೆ ಎಂದಳು.

ಹೊಳಲ್ಕೆರೆ ಹತ್ತಿರ ಬಂದಾಗ ಚಿಕ್ಕತಿಮ್ಮಪ್ಪ ಎದ್ದು ನಿಂತು, ಕಂಬಿ ಹಿಡಿದುಕೊಂಡು, ನನ್ನಿಂದ ನಿಮಗೆ ತೊಂದರೆಯಾ‌ಯಿತು ಎಂದ. ಅವಳು ಹಾಗೇನಿಲ್ಲವೆಂದು ಕೈ ಆಡಿಸಿದಳು. ಬಸ್ಸು ನಿಂತಿತು, ಇಳಿಯುವವರು ಇಳಿಯತೊಡಗಿದರು.

"ನೀವು ಇಲ್ಲ ಅಂತ ಬರ್ಕೊಟ್ಟಾಗ, ಹೋಗ್ಲಿ, ನಮ್ಮ ಹಣೇಲಿ ಇಲ್ಲ ಅಂತ ಸುಮ್ನಿದ್ದೆ ಕಣಪ್ಪ" ಎಂದಳು. "ರಾತ್ರಿ ನಿದ್ದೆ ಬರ್ತಿತ್ತು. ಈಗ ಐತೆ ಅಂತ ಗೊತ್ತಾಗೈತಲ್ಲ."

ಕಂಡಕ್ಟರ್ ಇಳೀರಿ ಯಜಮಾನ್ರೇ ಎಂದ. ಚಿಕ್ಕತಿಮ್ಮಪ್ಪ ಇಳಿದ.